ಗೀತಕಾರನೂ ವಾರದ ಕಮ್ಮಟವೂ

ಕವಿಯು ತನ್ನ ಪದ್ಯವನ್ನು ತಾನೇ ಓದಿ ಹೇಳಬಲ್ಲನು. ಚಿತ್ರಕಾರನು ತನ್ನ ಚಿತ್ರವನ್ನು ಗೋಡೆಗೆ ತೂಗುಹಾಕಿ ಪಕ್ಕಕ್ಕೆ ಸರಿದು ನಿಂತರೆ ಅದು ನೋಡುವವರ ಕಣ್ಣಿಗೆ ತಾನಾಗಿ ನಿಲುಕುತ್ತದೆ. ಹಾಡನ್ನು ಕಟ್ಟುವವನಿಗೆ ಈ ಸ್ವಾತಂತ್ರ್ಯವಿಲ್ಲ. ಅವನು ಸ್ವತಃ ಗಾಯಕನೂ ಆಗಿದ್ದು, ಜನ ತನ್ನನ್ನು ಹುಡುಕಿಕೊಂಡು ಬರುವಷ್ಟು ಹೆಸರನ್ನು ಗಳಿಸಿದ್ದರೆ ಸರಿ. ಹಾಗಲ್ಲದ ಪಕ್ಷದಲ್ಲಿ ಅವನ ಕೃತಿಗೆ ಕಂಠವನ್ನು ಕೊಡುವವನೊಬ್ಬ, ವಾದ್ಯಮೇಳವನ್ನು ಹೊಂದಿಸುವವನೊಬ್ಬ, ಧ್ವನಿಮುದ್ರಣಕ್ಕೆ ಹಣವನ್ನು ಹೂಡುವವನೊಬ್ಬ, ಮುದ್ರಣವಾದದ್ದನ್ನು ರೇಡಿಯೋಗೂ ಅಂಗಡಿಗೂ ಮುಟ್ಟಿಸುವವನೊಬ್ಬ, ಇಷ್ಟು ಜನರ ಒಪ್ಪಿಗೆಯನ್ನು ಪಡೆದಲ್ಲದೆ ಅದು ಕೇಳುವವರ ಕಿವಿಯನ್ನು ಸೇರಲಾರದು. ಈ ಒಪ್ಪಿಗೆಯನ್ನು ಕೊಡುವವರು ಎಲ್ಲಿರುತ್ತಾರೆ, ಯಾವ ಕಾರಣಕ್ಕೆ ಕೊಡುತ್ತಾರೆ, ಯಾವ ಕಾರಣಕ್ಕೆ ಕೊಡದೆ ಹೋಗುತ್ತಾರೆ ಎಂಬುದು ಹೊರಗೆ ನಿಂತವನಿಗೆ ತಿಳಿಯುವ ಬಗೆಯೇ ಇಲ್ಲ. ಹೀಗೆ ಹೊರಗೆ ನಿಂತವನನ್ನೂ ಒಳಗೆ ಕುಳಿತವನನ್ನೂ ವಾರಕ್ಕೊಮ್ಮೆ ಒಂದೇ ಕೋಣೆಯಲ್ಲಿ ಎದುರುಬದುರು ಕೂರಿಸಿ, ಹಾಡನ್ನು ನಡುವೆ ಇಟ್ಟು, ಅದರ ಗುಣದೋಷಗಳನ್ನು ಬಾಯಿಬಿಟ್ಟು ಆಡಿಸುವ ಏರ್ಪಾಡೊಂದು ಅಮೆರಿಕದಲ್ಲಿ ರೂಢಿಗೆ ಬಂದಿತು. ಆ ಏರ್ಪಾಡಿನ ನಿಜವಾದ ಬೆಲೆ ಏನು, ಅದರಲ್ಲಿ ಅಪಾಯವೇನಾದರೂ ಉಂಟೇ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಗೀತಕಾರನಿಗೂ ಉದ್ಯಮಕ್ಕೂ ನಡುವಣ ದೂರ ಎಲ್ಲ ಕಾಲದಲ್ಲಿಯೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ನ್ಯೂಯಾರ್ಕಿನ ಪಶ್ಚಿಮ 28ನೆಯ ಬೀದಿಯಲ್ಲಿ, ಟಿನ್ ಪ್ಯಾನ್ ಆಲಿ ಎಂದು ಹೆಸರಾದ ಆ ಗಲ್ಲಿಯಲ್ಲಿ, ಸಂಗೀತ ಪ್ರಕಾಶಕರ ಕಚೇರಿಗಳು ಒಂದರ ಮಗ್ಗುಲಿಗೊಂದು ನಿಂತಿದ್ದುವು. ಅಲ್ಲಿ ಪ್ರಕಾಶಕನೆಂದರೆ ಹಾಡಿನ ಹಕ್ಕನ್ನು ಕೊಂಡು, ಅದನ್ನು ಸ್ವರಪತ್ರವಾಗಿ ಅಚ್ಚುಹಾಕಿ ಮಾರಿ, ಗಾಯಕರಿಗೆ ಒಪ್ಪಿಸಿ, ಬಂದ ಆದಾಯವನ್ನು ಕರ್ತೃವಿನೊಡನೆ ಹಂಚಿಕೊಳ್ಳುವವನು. ಹಾಡನ್ನು ಕಟ್ಟಿದವನು ಮೆಟ್ಟಿಲು ಹತ್ತಿ ಹೋಗಿ, ಅಲ್ಲಿದ್ದ ಪಿಯಾನೊದ ಮುಂದೆ ಕುಳಿತು ನುಡಿಸಿ, ಒಲ್ಲೆವೆಂದರೆ ಪಕ್ಕದ ಬಾಗಿಲನ್ನು ತಟ್ಟಬಹುದಾಗಿತ್ತು. ಜಾರ್ಜ್ ಗರ್ಷ್ವಿನ್ 1914ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಶಾಲೆಯನ್ನು ಬಿಟ್ಟು ರೆಮಿಕ್ ಪ್ರಕಾಶನದಲ್ಲಿ ವಾರಕ್ಕೆ 15 ಡಾಲರ್ ಸಂಬಳಕ್ಕೆ ಸೇರಿದ್ದು ಬಂದವರೆದುರು ಪ್ರಕಾಶಕರ ಹಾಡುಗಳನ್ನು ನುಡಿಸಿ ತೋರಿಸುವ ಕೆಲಸಕ್ಕೆ. ದಿನವೆಲ್ಲ ಪರರ ಹಾಡುಗಳನ್ನು ನುಡಿಸುತ್ತ, ಯಾವುದಕ್ಕೆ ಗಾಯಕನ ಮುಖ ಅರಳುತ್ತದೆ, ಯಾವುದಕ್ಕೆ ಅವನು ಟೋಪಿಯನ್ನು ಎತ್ತಿಕೊಂಡು ಹೊರಡುತ್ತಾನೆ ಎಂಬುದನ್ನು ಕಣ್ಣಾರೆ ಕಾಣುವ ಅವಕಾಶ ಅಂಥ ಕೆಲಸದಲ್ಲಿ ಇತ್ತು. 1950ರ ದಶಕದ ಕೊನೆಯಿಂದ ಬ್ರಾಡ್‌ವೇಯ 1650ನೆಯ ಸಂಖ್ಯೆಯ ಕಟ್ಟಡದಲ್ಲಿ ಆಲ್ಡನ್ ಸಂಸ್ಥೆ ಕ್ಯಾರೊಲ್ ಕಿಂಗ್, ಗೆರಿ ಗಾಫಿನ್ ಮೊದಲಾದ ತರುಣ ಗೀತಕಾರರನ್ನು ಪುಟ್ಟ ಪುಟ್ಟ ಕೋಣೆಗಳಲ್ಲಿ ಕೂರಿಸಿ ಹಾಡು ಬರೆಸುತ್ತಿದ್ದ ಕಾಲದಲ್ಲಿಯೂ ಈ ಸಾಮೀಪ್ಯ ಉಳಿದಿತ್ತು. ಬರೆಯುವವನೂ ಕೊಳ್ಳುವವನೂ ಒಂದೇ ಸೂರಿನ ಕೆಳಗೆ ಇದ್ದರು.

ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತ ಬಂದುವು. ಗಾಯಕರು ತಮ್ಮ ಹಾಡನ್ನು ತಾವೇ ಬರೆದುಕೊಳ್ಳುವುದು 1960ರ ದಶಕದ ನಡುವಿನಿಂದ ಪ್ರತಿಷ್ಠೆಯ ಮಾತಾಯಿತು. ಪರರ ಹಾಡನ್ನು ಅರಸುವ ಗಾಯಕರ ಸಂಖ್ಯೆ ಕುಗ್ಗಿತು. ಮನೆಯಲ್ಲಿಯೇ ಟೇಪಿನ ಮೇಲೆ ಹಾಡನ್ನು ಮುದ್ರಿಸಿ ಅಂಚೆಯಲ್ಲಿ ಕಳುಹಿಸುವುದು ಸುಲಭವಾದಂತೆ ಕಚೇರಿಗಳಿಗೆ ಬರುವ ಟೇಪುಗಳ ರಾಶಿ ಬೆಳೆಯಿತು. ಇದಕ್ಕೆ ಮೇಲಾಗಿ ನ್ಯಾಯಾಲಯದ ಭಯ. ಜಾರ್ಜ್ ಹ್ಯಾರಿಸನ್ನನ 'ಮೈ ಸ್ವೀಟ್ ಲಾರ್ಡ್' ಎಂಬ ಹಾಡು 1963ರ ಇನ್ನೊಂದು ಹಾಡಿನ ಅನುಕರಣವೆಂದು ದಾವೆ ಹೂಡಲ್ಪಟ್ಟು, 1976ರಲ್ಲಿ ನ್ಯಾಯಾಧೀಶರು, ಅನುಕರಣ ಬುದ್ಧಿಪೂರ್ವಕವಲ್ಲದಿದ್ದರೂ ಸುಪ್ತಚಿತ್ತದಿಂದ ನಡೆದಿದ್ದರೂ ಅದು ಹಕ್ಕಿನ ಉಲ್ಲಂಘನೆಯೇ ಎಂದು ತೀರ್ಪಿತ್ತರು. ಎಂದೋ ಒಮ್ಮೆ ಕಿವಿಗೆ ಬಿದ್ದದ್ದು ಮರೆತುಹೋಗಿದ್ದರೂ ಹೊಣೆ ತಪ್ಪದು ಎಂದಮೇಲೆ, ಅಪರಿಚಿತನೊಬ್ಬನು ಕಳುಹಿಸಿದ ಟೇಪನ್ನು ಕೇಳುವುದೇ ಅಪಾಯವೆಂದು ಸಂಸ್ಥೆಗಳು ಭಾವಿಸಿದ್ದರಲ್ಲಿ ಆಶ್ಚರ್ಯವೇನಿದೆ? ತಾವು ತರಿಸಿಕೊಳ್ಳದ ಲಕೋಟೆಯನ್ನು ಒಡೆಯದೆ ಹಿಂದಿರುಗಿಸುವುದು ವಾಡಿಕೆಯಾಯಿತು. ಒಡೆಯದೆ ಬಂದ ಆ ಲಕೋಟೆಯಿಂದ ಬರೆದವನು ಕಲಿಯುವುದೇನು? ತನ್ನ ಹಾಡು ಕೆಟ್ಟದ್ದೆಂದೇ, ಒಳ್ಳೆಯದಾದರೂ ಬೇಡವಾಯಿತೆಂದೇ, ಯಾರೂ ಕೇಳಲೇ ಇಲ್ಲವೆಂದೇ? ಈ ಮೂರರಲ್ಲಿ ಯಾವುದೆಂದು ತಿಳಿಯದವನು ತಿದ್ದಿಕೊಳ್ಳುವುದಾದರೂ ಹೇಗೆ?

ಲಾಸ್ ಏಂಜಲೀಸ್ ನಗರದಲ್ಲಿ 1971ರಲ್ಲಿ ಲೆನ್ ಚಾಂಡ್ಲರ್, ಜಾನ್ ಬ್ರಹೇನಿ ಎಂಬ ಇಬ್ಬರು ಗೀತಕಾರರು ಕೂಡಿ ಆರಂಭಿಸಿದ 'ಸಾಂಗ್‌ರೈಟರ್ಸ್ ಷೋಕೇಸ್' ಎಂಬ ವಾರದ ಕೂಟ ಹುಟ್ಟಿದ್ದು, ಆ ತೀರ್ಪಿಗೂ ಮೊದಲೇ, ಬಾಗಿಲುಗಳು ಹೀಗೆ ಮುಚ್ಚತೊಡಗಿದ್ದ ಸಂದರ್ಭದಲ್ಲಿ. ಚಾಂಡ್ಲರ್ ಓಹಾಯೊ ರಾಜ್ಯದ ಆಕ್ರನ್ ನಗರದವರು, ಕರಿಯ ಜನಾಂಗದ ಸಮಾನಹಕ್ಕಿನ ಹೋರಾಟದಲ್ಲಿ ಹಾಡುತ್ತ ನಡೆದವರು, 1963ರ ವಾಷಿಂಗ್ಟನ್ ಮಹಾಮೆರವಣಿಗೆಯಲ್ಲಿ ಹಾಡಿದವರು. ಮುಂದೆ ಲಾಸ್ ಏಂಜಲೀಸಿನ ರೇಡಿಯೋ ಕೇಂದ್ರವೊಂದರಲ್ಲಿ ದಿನದಿನದ ಸುದ್ದಿಯನ್ನೇ ಹಾಡಾಗಿ ಕಟ್ಟಿ ಅಂದಂದಿಗೇ ಹಾಡುವ ಕೆಲಸವನ್ನು ಮಾಡಿದವರು. ಬ್ರಹೇನಿಯವರ ಹಾಡೊಂದನ್ನು ಲಿಂಡಾ ರಾನ್‌ಸ್ಟಾಟ್ ಇದ್ದ ಸ್ಟೋನ್ ಪೋನೀಸ್ ತಂಡ 1967ರಲ್ಲಿ ಮುದ್ರಿಸಿತ್ತು. ಹೀಗೆ ಇಬ್ಬರೂ ಕಸುಬಿನ ಕಷ್ಟವನ್ನು ಉಂಡವರೇ ಹೊರತು ವ್ಯಾಪಾರಿಗಳಲ್ಲ. ಆ ಕೂಟದ ಸ್ವಭಾವವನ್ನು ನಿರ್ಧರಿಸಿದ್ದು ಇದೇ ಎಂದು ನಾನು ಬಗೆಯುತ್ತೇನೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ, ಪ್ರದರ್ಶನಹಕ್ಕಿನ ಗೌರವಧನವನ್ನು ಸಂಗ್ರಹಿಸಿ ಹಂಚುವ ಬಿ.ಎಂ.ಐ. ಸಂಸ್ಥೆಯ ಆಶ್ರಯವನ್ನೂ ಪಡೆದು, ಅದು 1996ರವರೆಗೆ ನಡೆಯಿತು.

ವಾರವಾರದ ಆ ಸಭೆಯಲ್ಲಿ ನಡೆಯುತ್ತಿದ್ದ ಕೆಲಸ ಎರಡು ಬಗೆಯದು. ಒಂದರಲ್ಲಿ ಸಂಗೀತ ಪ್ರಕಾಶಕನೊಬ್ಬನು ಬಂದು ಕುಳಿತು, ನೆರೆದವರು ತಂದ ಕ್ಯಾಸೆಟ್‌ಗಳಲ್ಲಿ ಕೈಗೆ ಬಂದವನ್ನು ಕೇಳಿ, ತನಗೆ ತೋರಿದ್ದನ್ನು ಸಭೆಯೆದುರೇ ಹೇಳುವನು. ಇನ್ನೊಂದರಲ್ಲಿ ಧ್ವನಿಮುದ್ರಣ ಸಂಸ್ಥೆಯವನೋ ನಿರ್ಮಾಪಕನೋ ಬಂದು, ಸದ್ಯಕ್ಕೆ ಇಂಥ ಗಾಯಕನಿಗಾಗಿ ಇಂಥ ಬಗೆಯ ಹಾಡು ಬೇಕಾಗಿದೆ ಎಂದು ತಿಳಿಸಿ, ಅದಕ್ಕೆ ಹೊಂದುವುದೆಂದು ಕಂಡದ್ದನ್ನು ತನ್ನೊಡನೆ ಕೊಂಡೊಯ್ಯುವನು. ಮೊದಲನೆಯದು ವಿಮರ್ಶೆ, ಎರಡನೆಯದು ವ್ಯಾಪಾರ. ಎರಡನ್ನೂ ಬೇರೆಬೇರೆಯಾಗಿ ಇಟ್ಟದ್ದು ವಿವೇಕದ ಕೆಲಸ. ಏಕೆಂದರೆ ಹಾಡು ಚೆನ್ನಾಗಿದೆಯೇ ಎಂಬ ಪ್ರಶ್ನೆಯೂ ಈ ವಾರ ಈ ಗಾಯಕಿಗೆ ಬೇಕೇ ಎಂಬ ಪ್ರಶ್ನೆಯೂ ಬೆರೆತುಹೋದಲ್ಲಿ, ಬೇಡವಾದ ಪ್ರತಿಯೊಂದು ಹಾಡೂ ಕೆಟ್ಟದ್ದೆಂಬ ಭ್ರಮೆ ಬರೆದವನಲ್ಲಿ ಹುಟ್ಟುತ್ತದೆ.

ಇಂಥ ಕೂಟಗಳನ್ನು ಹೊಗಳುವವರು ಸಾಮಾನ್ಯವಾಗಿ ಅಲ್ಲಿಂದ ಹೊರಟು ಕೀರ್ತಿವಂತರಾದವರ ಹೆಸರುಗಳನ್ನು ಎಣಿಸುತ್ತಾರೆ. ಈ ಹೊಗಳಿಕೆ ಸುಳ್ಳಲ್ಲ, ಆದರೆ ಸಾಲದು. ವರ್ಷವರ್ಷವೂ ನೂರಾರು ಮಂದಿ ಬಂದುಹೋಗುವಲ್ಲಿ ಕೆಲವರಾದರೂ ಮೇಲಕ್ಕೆ ಏರುತ್ತಾರೆ. ಅವರು ಕೂಟವಿಲ್ಲದಿದ್ದರೂ ಏರುತ್ತಿದ್ದರೋ ಏನೋ, ಹೇಳಬಲ್ಲವರಾರು? ಅಲ್ಲದೆ ಹೀಗೆ ಎಣಿಸುವುದರಿಂದ ಉಳಿದವರೆಲ್ಲರೂ ವ್ಯರ್ಥವಾಗಿ ಕುಳಿತು ಎದ್ದುಹೋದರೆಂಬ ಅರ್ಥ ಬರುತ್ತದೆ. ನನ್ನ ಮತದಲ್ಲಿ ವಾರದ ಕಮ್ಮಟದ ಸಾರ್ಥಕ್ಯ ಇರುವುದು ಅದು ತೆರೆಯುವ ಬಾಗಿಲುಗಳಲ್ಲಲ್ಲ. ಅಧಿಕಾರವುಳ್ಳವನೊಬ್ಬನು ತನ್ನ ತೀರ್ಮಾನಕ್ಕೆ ಕಾರಣವನ್ನು, ಕರ್ತೃವಿನ ಸಮ್ಮುಖದಲ್ಲಿ, ಹತ್ತು ಜನ ಕೇಳುವಂತೆ ಹೇಳಲೇಬೇಕಾಗಿ ಬರುವುದರಲ್ಲಿ. ಕಚೇರಿಯಲ್ಲಿ ಒಬ್ಬನೇ ಕುಳಿತಾಗ ಅದೇ ಮನುಷ್ಯನು ಎಂಟು ಪಂಕ್ತಿ ಕೇಳಿ ಗುಂಡಿ ಒತ್ತಿ ನಿಲ್ಲಿಸಬಲ್ಲನು. ಏಕೆ ನಿಲ್ಲಿಸಿದೆನೆಂದು ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಮೇಯವೂ ಅವನಿಗಿಲ್ಲ. ಇಲ್ಲಿ ಹಾಗಲ್ಲ. ಬರೆದವನು ಮೂರನೆಯ ಸಾಲಿನಲ್ಲಿ ಕುಳಿತು ಮುಖವನ್ನೇ ನೋಡುತ್ತಿರುವಾಗ 'ಹಿಡಿಸಲಿಲ್ಲ' ಎಂಬ ಒಂದು ಮಾತಿನಿಂದ ಪಾರಾಗಲು ಸಾಧ್ಯವಿಲ್ಲ. ಹಿಡಿಸದಿರುವುದಕ್ಕೆ ಎಲ್ಲಿ, ಯಾವ ಪಂಕ್ತಿಯಲ್ಲಿ, ಏನು ಕಾರಣವೆಂದು ಅವನು ಹುಡುಕಿ ಹೇಳಬೇಕಾಗುತ್ತದೆ. ಹುಡುಕುವಾಗ ಎಷ್ಟೋ ವೇಳೆ ಅವನಿಗೇ ತನ್ನ ಅಭಿರುಚಿಯ ಆಧಾರ ಮೊದಲ ಸಲ ಗೋಚರವಾಗುತ್ತದೆ.

ಒಂದು ಹಾಡನ್ನು ಕಲ್ಪಿಸಿಕೊಳ್ಳೋಣ. ತಂದೆಯ ಮರಣಾನಂತರ ಮಗನು ಅವನ ಮರಗೆಲಸದ ಅಂಗಡಿಯನ್ನು ತೆರೆದು ನೋಡುವುದು ಅದರ ವಸ್ತು. ಮೊದಲನೆಯ ಚರಣದಲ್ಲಿ ಗೋಡೆಗೆ ನೇತುಬಿದ್ದ ಉಳಿ, ಗರಗಸ, ಅರ್ಧಕ್ಕೆ ನಿಂತ ಕುರ್ಚಿ. ಪಲ್ಲವಿಯಲ್ಲಿ ತಂದೆಯ ನೆನಪು. ಎರಡನೆಯ ಚರಣ ಬಂದಾಗ ಮತ್ತೆ ಅದೇ ಅಂಗಡಿ, ಅದೇ ಧೂಳು, ಬರಿಯ ಸಲಕರಣೆಗಳ ಹೆಸರು ಮಾತ್ರ ಬೇರೆ. ಬರೆದವನಿಗೆ ಇದು ಸಮೃದ್ಧಿಯಾಗಿ ತೋರಿರುತ್ತದೆ. ಕೇಳುವ ಅನುಭವಿಯು ಇಲ್ಲಿ ಟೇಪನ್ನು ನಿಲ್ಲಿಸಿ, ಎರಡನೆಯ ಚರಣ ಮೊದಲನೆಯದನ್ನೇ ಮರಳಿ ಹೇಳಿದ್ದರಿಂದ ಎರಡನೆಯ ಸಲ ಪಲ್ಲವಿ ಬಂದಾಗ ಅದರ ಅರ್ಥ ಒಂದು ಕೂದಲಷ್ಟೂ ಬೆಳೆಯಲಿಲ್ಲವೆಂದೂ, ಆ ಅರ್ಧ ಕುರ್ಚಿಯನ್ನು ಮಗನು ಪೂರ್ತಿಮಾಡಲು ಕುಳಿತಿದ್ದರೆ ಅದೇ ಪಲ್ಲವಿ ಬೇರೆಯೇ ಆಗಿ ಕೇಳಿಸುತ್ತಿತ್ತೆಂದೂ ಹೇಳುತ್ತಾನೆ. ಮುಂದುವರಿದು, ಮೊದಲನೆಯ ಚರಣದಲ್ಲಿ 'ನೀನು' ಎಂದು ತಂದೆಯೊಡನೆ ಆಡಿದ ಹಾಡು ಪಲ್ಲವಿಯಲ್ಲಿ 'ಅವನು' ಎಂದು ಏಕೆ ತಿರುಗಿತೆಂದು ಕೇಳುತ್ತಾನೆ. ಮುಖ್ಯವಾದ ಶಬ್ದದ ಹ್ರಸ್ವಾಕ್ಷರವನ್ನು ರಾಗವು ಎಳೆದು ನಿಲ್ಲಿಸಿ, ದೀರ್ಘಾಕ್ಷರವನ್ನು ಓಡಿಸಿಬಿಟ್ಟಿದೆಯೆಂದು ತೋರಿಸುತ್ತಾನೆ. ಇವು ಯಾವುವೂ ಮಾರುಕಟ್ಟೆಯ ಮಾತುಗಳಲ್ಲ, ಕಸುಬಿನ ಮಾತುಗಳು. ಬರೆದವನು ಒಬ್ಬನೇ ಅಲ್ಲ, ಅಂದು ತಮ್ಮ ಹಾಡಿಗೆ ಸರದಿ ಬಾರದೆ ಹೋದ ಐವತ್ತು ಮಂದಿಯೂ ಇದನ್ನು ಕೇಳಿ, ಮನೆಯಲ್ಲಿ ತಮ್ಮ ಎರಡನೆಯ ಚರಣವನ್ನು ತೆಗೆದು ನೋಡುತ್ತಾರೆ. ಪರರ ಕೃತಿಯ ದೋಷವನ್ನು ನಿರುದ್ವೇಗದಿಂದ ನೋಡುವಾಗ ಬುದ್ಧಿ ಕಲಿಯುವಷ್ಟನ್ನು ತನ್ನದೇ ಕೃತಿಯ ದೋಷವನ್ನು ಪರರು ತೋರಿಸುವಾಗ, ನೊಂದ ಮನಸ್ಸು ಕಲಿಯಲಾರದು. ಸಭೆಯಲ್ಲಿ ಕೂರುವುದರ ಲಾಭ ಬಹುಮಟ್ಟಿಗೆ ಇದು.

ವಾರಕ್ಕೊಮ್ಮೆ ಎಂಬ ನಿಯಮಕ್ಕೂ ಬೆಲೆಯುಂಟು. ವರ್ಷಕ್ಕೊಮ್ಮೆ ನಡೆಯುವ ಸಮ್ಮೇಳನದಲ್ಲಿ ಉದ್ಯಮದ ದೊಡ್ಡವರು ಬರುತ್ತಾರೆ, ಉಪನ್ಯಾಸವಾಗುತ್ತದೆ, ಕಾರ್ಡುಗಳು ಕೈಬದಲಾಗುತ್ತವೆ. ಆದರೆ ಅಲ್ಲಿ ಒಬ್ಬನ ಹಾಡನ್ನು ಅಲ್ಲಗಳೆದವನು ಮಾರನೆಯ ದಿನ ಊರಲ್ಲಿರುವುದಿಲ್ಲ. ವಾರದ ಕೂಟಕ್ಕಾದರೋ ಈ ವಾರ ತಿರಸ್ಕೃತವಾದ ಹಾಡನ್ನು ತಿದ್ದಿ ಮುಂದಿನ ವಾರ ತರಬಹುದು. ತಿದ್ದಿದ್ದು ಸರಿಯಾಯಿತೋ ಇನ್ನೂ ಕೆಟ್ಟಿತೋ ಎಂಬುದನ್ನು, ಹಳೆಯ ರೂಪವನ್ನು ಕೇಳಿದ್ದ ಅದೇ ಕಿವಿಗಳು ಹೇಳಬಲ್ಲವು. ಬೇರೆ ವಾರ ಬೇರೆ ಅತಿಥಿ ಬಂದಾಗ, ಒಬ್ಬನು ಅಲ್ಲಗಳೆದದ್ದನ್ನು ಮತ್ತೊಬ್ಬನು ಮೆಚ್ಚುವುದೂ ಉಂಟು. ಇದು ಹೊಸಬನಿಗೆ ಮೊದಮೊದಲು ಗೊಂದಲವನ್ನುಂಟುಮಾಡಿದರೂ ಕ್ರಮೇಣ ಒಂದು ದೊಡ್ಡ ಬಿಡುಗಡೆಯಾಗುತ್ತದೆ. ಯಾವ ಟೀಕೆಯನ್ನು ನಾಲ್ವರೂ ಹೇಳುತ್ತಾರೋ ಅದು ಹಾಡಿನದು, ಯಾವುದನ್ನು ಒಬ್ಬನೇ ಹೇಳುತ್ತಾನೋ ಅದು ಅವನ ರುಚಿಯದು ಎಂದು ಬೇರ್ಪಡಿಸಿಕೊಳ್ಳುವ ವಿವೇಕ ಅವನಲ್ಲಿ ಬೆಳೆಯುತ್ತದೆ. ಒಂದೇ ಸಲದ ಭೇಟಿಯಿಂದ ಈ ವಿವೇಕ ಬರುವುದು ಅಸಾಧ್ಯ.

ಇಷ್ಟು ಹೇಳಿದಮೇಲೆ ಎದುರುವಾದವನ್ನೂ ಪೂರ್ಣವಾಗಿ ಕೇಳಬೇಕು, ಅದು ಹಗುರವಾದದ್ದಲ್ಲ. ತೀರ್ಪು ಹೇಳುವವನು ಕೊಳ್ಳುವವನಾದುದರಿಂದ, ಅವನ ಕಿವಿ ಕಳೆದ ತಿಂಗಳು ಯಾವುದು ಮಾರಾಟವಾಯಿತೋ ಅದರ ಕಡೆಗೆ ವಾಲಿರುತ್ತದೆ. ಅವನ ಮಾತನ್ನು ವಾರವಾರ ಕೇಳುತ್ತ ಬಂದ ಗೀತಕಾರನು ತನಗರಿಯದೆಯೇ ಅವನಿಗಾಗಿ ಬರೆಯತೊಡಗುತ್ತಾನೆ. ಪಲ್ಲವಿ ಇಷ್ಟು ಕ್ಷಣದೊಳಗೆ ಬರಬೇಕು, ಹಾಡು ಮೂರೂವರೆ ನಿಮಿಷವನ್ನು ಮೀರಬಾರದು, ಶೀರ್ಷಿಕೆ ಪಲ್ಲವಿಯ ಮೊದಲ ಪಂಕ್ತಿಯಲ್ಲೇ ಕಾಣಬೇಕು ಎಂಬ ಸೂತ್ರಗಳು ಮೊದಲು ಸಲಹೆಗಳಾಗಿ, ಬಳಿಕ ಅಭ್ಯಾಸಗಳಾಗಿ, ಕೊನೆಗೆ ಆ ಮನುಷ್ಯನ ಕಲ್ಪನೆಯ ಎಲ್ಲೆಯೇ ಆಗಿ ಪರಿಣಮಿಸುತ್ತವೆ. ಸೂತ್ರಕ್ಕೆ ಹೊರಗಿನ ಹಾಡನ್ನು ಬರೆಯಬಲ್ಲವನು ಮೊದಲ ದಿನವೇ ಗಾಯಗೊಂಡು ಮತ್ತೆ ಬಾರದೆ ಹೋಗಬಹುದು. ಉಳಿದವರು ಒಂದೇ ಅಚ್ಚಿನಲ್ಲಿ ಎರಕವಾದ ಹಾಡುಗಳನ್ನು ಹೊತ್ತು ತರಬಹುದು. ಈ ಆಕ್ಷೇಪಣೆಯನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಕೊಳ್ಳುವವನೇ ಏಕಮಾತ್ರ ವಿಮರ್ಶಕನಾದ ಕಮ್ಮಟ ಇಂದಲ್ಲ ನಾಳೆ ಈ ಗತಿಗೆ ಬರುವುದೇ ಸರಿ. ಆದರೆ ಇದರಿಂದ ಕಮ್ಮಟವೇ ಕೂಡದೆಂಬ ತೀರ್ಮಾನ ಹುಟ್ಟುವುದಿಲ್ಲ. ಕೇಳುವ ಸ್ಥಾನದಲ್ಲಿ ಯಾರನ್ನು ಕೂರಿಸಬೇಕೆಂಬ ಪ್ರಶ್ನೆ ಮಾತ್ರ ಹುಟ್ಟುತ್ತದೆ.

ಆ ಪ್ರಶ್ನೆಗೆ ನ್ಯೂಯಾರ್ಕಿನಲ್ಲಿ ಬೇರೊಂದು ಉತ್ತರ ದೊರೆತಿತ್ತು, ಅದೂ ಲಾಸ್ ಏಂಜಲೀಸಿನ ಕೂಟಕ್ಕಿಂತ ಹತ್ತು ವರ್ಷ ಮೊದಲೇ. ರಂಗಸಂಗೀತದ ನಿರ್ವಾಹಕರಾಗಿ ಬ್ರಾಡ್‌ವೇಯಲ್ಲಿ ಬಹುಕಾಲ ಪಳಗಿದ್ದ ಲೇಮನ್ ಎಂಗಲ್ ಅವರು 1961ರಲ್ಲಿ, ಬಿ.ಎಂ.ಐ. ಸಂಸ್ಥೆಯ ಆಶ್ರಯದಲ್ಲಿ, ಗೀತನಾಟಕಗಳಿಗೆ ಹಾಡು ಬರೆಯುವವರೂ ರಾಗ ಕಟ್ಟುವವರೂ ವಾರವಾರ ಸೇರುವ ಕಮ್ಮಟವೊಂದನ್ನು ತೊಡಗಿದರು. ಅವರು 1982ರಲ್ಲಿ ತೀರಿಕೊಂಡಮೇಲೂ ಅದು ಅವರ ಹೆಸರಿನಲ್ಲಿಯೇ ನಡೆದುಕೊಂಡು ಬಂದಿದೆ. ಅಲ್ಲಿ ಕೇಳಲು ಕೂರುವವರು ಕೊಳ್ಳುವವರಲ್ಲ, ಅದೇ ಕಸುಬಿನಲ್ಲಿ ಮುಂದೆ ನಡೆದವರು. ಎಡ್ವರ್ಡ್ ಕ್ಲೀಬನ್ ಶಿಷ್ಯನಾಗಿ ಬಂದು, 'ಎ ಕೋರಸ್ ಲೈನ್' ಎಂಬ ಗೀತನಾಟಕದ ಸಾಹಿತ್ಯದಿಂದ ಪ್ರಖ್ಯಾತರಾಗಿ, ಅನಂತರ ಅಲ್ಲಿಯೇ ಬೋಧಕರಾಗಿ ಕುಳಿತರು. ಅಲ್ಲಿ ಹೊಸಬರಿಗೆ ಕೊಡುತ್ತ ಬಂದಿರುವ ಅಭ್ಯಾಸಗಳು ಕುತೂಹಲಕರವಾದುವು. ಟೆನೆಸ್ಸೀ ವಿಲಿಯಮ್ಸನ ನಾಟಕದ ಬ್ಲಾಂಚ್ ಡುಬ್ವಾ ಎಂಬ ಪಾತ್ರಕ್ಕೆ ಒಂದು ಹಾಡನ್ನು ಬರೆಯಿರಿ, ಆರ್ಥರ್ ಮಿಲ್ಲರನ ವಿಲ್ಲಿ ಲೋಮನ್ನನಿಗೆ ಒಂದನ್ನು ಬರೆಯಿರಿ ಎಂದು ಕೇಳುತ್ತಾರೆ. ಎಲ್ಲರಿಗೂ ಒಂದೇ ಪಾತ್ರ, ಒಂದೇ ಸನ್ನಿವೇಶ; ಆದುದರಿಂದ ಒಬ್ಬೊಬ್ಬರು ಅದನ್ನು ಎಲ್ಲಿ ಹಿಡಿದರು, ಎಲ್ಲಿ ಕೈಬಿಟ್ಟರು ಎಂಬುದು ಕೋಣೆಯಲ್ಲಿದ್ದವರಿಗೆಲ್ಲ ನಿಚ್ಚಳವಾಗಿ ಕಾಣುತ್ತದೆ. ಈ ಹಾಡು ಮಾರಾಟವಾದೀತೇ ಎಂಬ ಪ್ರಶ್ನೆ ಅಲ್ಲಿ ಏಳಲಾರದು, ಏಕೆಂದರೆ ಅದು ಮಾರುವುದಕ್ಕೆ ಬರೆದದ್ದಲ್ಲ. ಈ ಹೆಂಗಸು ಈ ಕ್ಷಣದಲ್ಲಿ ಈ ಮಾತನ್ನು ಆಡುವಳೇ ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ.

ಅಲ್ಲಿ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಟಾಮ್ ಕಿಟ್, ಬ್ರಯನ್ ಯಾರ್ಕಿ ಎಂಬ ತರುಣರು 1998ರಲ್ಲಿ ಆ ಕಮ್ಮಟದ ಅಭ್ಯಾಸವೊಂದಕ್ಕಾಗಿ ಹತ್ತು ನಿಮಿಷದ ಒಂದು ಕಿರುಗೀತನಾಟಕವನ್ನು ರಚಿಸಿದರು. ಮನೋರೋಗದಿಂದ ಬಳಲುವ ಗೃಹಿಣಿಯೊಬ್ಬಳಿಗೆ ವಿದ್ಯುತ್ ಆಘಾತದ ಚಿಕಿತ್ಸೆ ಕೊಡುವುದು ಅದರ ವಸ್ತು, 'ಫೀಲಿಂಗ್ ಎಲೆಕ್ಟ್ರಿಕ್' ಅದರ ಹೆಸರು. ಅದನ್ನು ಅವರು ಬಿಡದೆ ಬೆಳೆಸಿದರು, ಓದಿಸಿದರು, ತಿದ್ದಿದರು. ವೈದ್ಯಪದ್ಧತಿಯ ಮೇಲಿನ ವಿಡಂಬನೆಯಾಗಿ ಹೊರಟದ್ದು ವರ್ಷಗಳು ಕಳೆದಂತೆ ಒಂದು ಸಂಸಾರದ ದುಃಖದ ಕಥೆಯಾಗಿ ತಿರುಗಿತು. 2008ರಲ್ಲಿ ನ್ಯೂಯಾರ್ಕಿನ ಚಿಕ್ಕ ರಂಗಮಂದಿರದಲ್ಲಿ ಅದು 'ನೆಕ್ಸ್ಟ್ ಟು ನಾರ್ಮಲ್' ಎಂಬ ಹೆಸರಿನಿಂದ ಪ್ರದರ್ಶಿತವಾದಾಗ ಬಂದ ಟೀಕೆಗಳನ್ನು ಮನಸ್ಸಿಗೆ ತಂದುಕೊಂಡು ಮತ್ತೆ ಬಿಚ್ಚಿ ಕಟ್ಟಿದರು; ಯಾವ ಹಾಡಿನಿಂದ ಕೃತಿಗೆ ಮೊದಲ ಹೆಸರು ಬಂದಿತ್ತೋ ಆ ಹಾಡನ್ನೇ ಕಡೆಗೆ ತೆಗೆದುಹಾಕಿದರು. 2009ರಲ್ಲಿ ಕೃತಿ ಬ್ರಾಡ್‌ವೇಗೆ ಬಂದಿತು. ಮರುವರ್ಷ ಅದಕ್ಕೆ ನಾಟಕದ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಪ್ರಶಸ್ತಿಗಿಂತ ನನ್ನ ಗಮನವನ್ನು ಹೆಚ್ಚು ಸೆಳೆಯುವುದು ಆ ತೆಗೆದುಹಾಕಿದ ಹಾಡು. ಹತ್ತು ವರ್ಷ ಜೊತೆಗಿಟ್ಟುಕೊಂಡದ್ದನ್ನು, ಅದರಿಂದಲೇ ಎಲ್ಲವೂ ಹುಟ್ಟಿತೆಂದು ಬಲ್ಲದ್ದನ್ನು, ಇಡಿಯ ಕೃತಿಯ ಹಿತಕ್ಕಾಗಿ ಕೈಬಿಡುವ ಧೈರ್ಯ ಏಕಾಂತದಲ್ಲಿ ಬರೆಯುವವನಿಗೆ ಸುಲಭವಾಗಿ ಬಾರದು. ಬರೆದದ್ದನ್ನು ವಾರವಾರ ಹತ್ತು ಜನರ ಮುಂದೆ ಇಟ್ಟು, ಬಿದ್ದ ಪೆಟ್ಟನ್ನು ಸಹಿಸಿ, ಮತ್ತೆ ಮುಂದಿನ ವಾರ ಬಂದು ಕುಳಿತ ಅಭ್ಯಾಸದಿಂದ ಅದು ಬರುತ್ತದೆ. ಹಿಂದಿನ 'ಲಿಟ್ಲ್ ಷಾಪ್ ಆಫ್ ಹಾರರ್ಸ್' ನಾಟಕದ ರಾಗಗಳನ್ನು ಕಟ್ಟಿದ ಆಲನ್ ಮೆಂಕೆನ್ನರೂ, ನಮ್ಮ ಮಕ್ಕಳ ಬಾಯಲ್ಲಿಯೂ ಕೇಳಿಬರುವ 'ಫ್ರೋಜನ್' ಚಿತ್ರದ ಹಾಡುಗಳನ್ನು ಬರೆದ ರಾಬರ್ಟ್ ಲೋಪೆಜ್ ದಂಪತಿಗಳೂ ಇದೇ ಅಭ್ಯಾಸದಲ್ಲಿ ಕುಳಿತವರು.

ಹಣದ ಮಾತನ್ನು ಬಿಟ್ಟು ಈ ವಿಷಯವನ್ನು ಮುಗಿಸುವಂತಿಲ್ಲ. ಗೀತಕಾರನ ಆಸೆ ಬಲವಾದದ್ದು, ಅವನ ಅಜ್ಞಾನವೂ ಬಲವಾದದ್ದು. ಇವೆರಡೂ ಕೂಡಿದಲ್ಲಿ ಸುಲಿಯುವವರು ತಪ್ಪದೆ ಹುಟ್ಟುತ್ತಾರೆ. ನಿಮ್ಮ ಪದ್ಯವನ್ನು ಕಳುಹಿಸಿ, ನಾವು ರಾಗ ಹಾಕಿ ಪ್ರಕಟಿಸುತ್ತೇವೆ ಎಂಬ ಜಾಹೀರಾತುಗಳು ಅಮೆರಿಕದ ಪತ್ರಿಕೆಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದಲೂ ಬರುತ್ತಿದ್ದುವು. ಹಣವನ್ನು ಕೊಟ್ಟವನಿಗೆ ಸಿಗುತ್ತಿದ್ದುದು ಯಾರೂ ಕೇಳದ ಒಂದು ಧ್ವನಿಮುದ್ರಿಕೆ. ವಾರದ ಕೂಟವೂ, ಉದ್ಯಮದವರ ಎದುರು ಹತ್ತು ನಿಮಿಷ ಕೂರಿಸುವುದಕ್ಕೆ ಇಷ್ಟು ಡಾಲರ್ ಎಂದು ದರ ಕಟ್ಟಿ, ಅದೇ ಜಾತಿಯ ಅಂಗಡಿಯಾಗಿ ಇಳಿಯಬಹುದು. ಬರೆದವನು ಕೊಟ್ಟ ಹಣದಿಂದಲೇ ಕೇಳುವವನಿಗೆ ಸಂಭಾವನೆ ಸಲ್ಲುವುದಾದರೆ, ಆ ಕೇಳುವವನ ಮಾತು ನಿಷ್ಠುರವಾಗಿರಲಾರದು. ಮತ್ತೆ ಮುಂದಿನ ವಾರ ಬರುವಂತೆ ಬರೆದವನನ್ನು ಒಲಿಸಬೇಕೆಂಬ ಚಪಲ ನಡುವೆ ಬರುತ್ತದೆ. ನ್ಯೂಯಾರ್ಕಿನ ಕಮ್ಮಟದಲ್ಲಿ ಆಯ್ಕೆಯಾದವರಿಂದ ಶುಲ್ಕವನ್ನು ತೆಗೆದುಕೊಳ್ಳುವುದಿಲ್ಲ. ಈ ಒಂದು ನಿಯಮದ ಮೇಲೆ ಅದರ ಮಿಕ್ಕ ಗುಣಗಳೆಲ್ಲ ನಿಂತಿವೆ ಎಂದರೆ ಅತಿಶಯೋಕ್ತಿಯಾಗದು.

ಹಾಡಿನ ಗುಣದೋಷವನ್ನು ಆಡಿ, ಅದರ ಲೆಕ್ಕಾಚಾರವನ್ನು ಹೇಳದ ಕಮ್ಮಟವೂ ಅಪೂರ್ಣವೇ. ಅಮೆರಿಕದಲ್ಲಿ 1909ರ ಕಾಯಿದೆಯು, ಧ್ವನಿಮುದ್ರಿಕೆಯ ಪ್ರತಿಯೊಂದಕ್ಕೆ ಒಂದು ಹಾಡಿಗೆ 2 ಸೆಂಟ್ ಎಂದು ಕರ್ತೃವಿನ ಪಾಲನ್ನು ನಿಗದಿಮಾಡಿತು. ಆ 2 ಸೆಂಟ್ ಎರಡು ಮಹಾಯುದ್ಧಗಳನ್ನೂ ಎಲ್ಲ ಬೆಲೆಯೇರಿಕೆಗಳನ್ನೂ ದಾಟಿ, ಹೊಸ ಕಾಯಿದೆ ಜಾರಿಗೆ ಬಂದ 1978ರವರೆಗೂ ಅಲುಗದೆ ನಿಂತಿತ್ತು. ಅಲ್ಲಿಂದ ಮುಂದೆ 2.75 ಸೆಂಟಾಗಿ, 2006ರಲ್ಲಿ 9.1 ಆಗಿ, 2023ರಲ್ಲಿ 12ಕ್ಕೆ ಏರಿತು. ಹಳೆಯ ವಾಡಿಕೆಯಂತೆ ಇದರಲ್ಲಿ ಅರ್ಧ ಪ್ರಕಾಶಕನಿಗೆ. ಹತ್ತು ಲಕ್ಷ ಪ್ರತಿ ಖರ್ಚಾದ ಹಾಡನ್ನು ಬರೆದವನಿಗೆ, 2 ಸೆಂಟಿನ ಕಾಲದಲ್ಲಿ, ಈ ಬಾಬಿನಿಂದ ಕೈಗೆ ಬರುತ್ತಿದ್ದುದು ಹತ್ತು ಸಾವಿರ ಡಾಲರ್; ಇಬ್ಬರು ಕೂಡಿ ಬರೆದಿದ್ದರೆ ಐದೈದು ಸಾವಿರ. ಈ ಅಂಕಿಗಳನ್ನು ತಿಳಿದವನು ಒಪ್ಪಂದದ ಹಾಳೆಯಲ್ಲಿ ಯಾವ ಮಾತಿಗೆ ಸಹಿ ಹಾಕುತ್ತಿದ್ದೇನೆಂದು ನಿಂತು ಓದುತ್ತಾನೆ. ತಿಳಿಯದವನು ಹಾಡು ಮುದ್ರಣವಾಯಿತೆಂಬ ಸಂತೋಷದಲ್ಲಿ ಹಕ್ಕನ್ನೆಲ್ಲ ಬರೆದುಕೊಟ್ಟು ಬರುತ್ತಾನೆ. ಮುಂದೆ ಬ್ರಹೇನಿಯವರು ಗೀತರಚನೆಯ ಕಲೆಯನ್ನೂ ವ್ಯವಹಾರವನ್ನೂ ಒಂದೇ ಗ್ರಂಥದಲ್ಲಿ ಒಟ್ಟಿಗೆ ಇಟ್ಟು ಬರೆದದ್ದು ಸಾಭಿಪ್ರಾಯವೆಂದೇ ನಾನು ಎಣಿಸುತ್ತೇನೆ.

ಈ ಅಜ್ಞಾನದ ಫಲವನ್ನು ನಮ್ಮ ದೇಶದ ಗೀತಕಾರರು ಬಹುಕಾಲ ಉಂಡರು. ಹಣ ಕೊಟ್ಟು ಬರೆಸಿದ ಚಿತ್ರಗೀತೆಯ ಒಡೆತನ ನಿರ್ಮಾಪಕನದೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಮೇಲೆ, ಕನ್ನಡದಲ್ಲಿಯೂ ಮಿಕ್ಕ ಭಾಷೆಗಳಲ್ಲಿಯೂ ಚಿತ್ರಗಳಿಗೆ ಹಾಡು ಬರೆದವರ ಸಂಬಂಧ, ಮುಂಗಡದಲ್ಲಿ ಕೈಗೆ ಬಿದ್ದ ಹಣದೊಡನೆ ಮುಗಿದುಹೋಗುವುದು ರೂಢಿಯಾಯಿತು. 2012ರ ತಿದ್ದುಪಡಿಯಿಂದ, ಚಿತ್ರಮಂದಿರದ ಪ್ರದರ್ಶನವನ್ನುಳಿದು ಬೇರೆ ಉಪಯೋಗಗಳಿಂದ ಬರುವ ಗೌರವಧನದಲ್ಲಿ ಸಾಹಿತ್ಯ ಬರೆದವನಿಗೂ ರಾಗ ಕಟ್ಟಿದವನಿಗೂ ಸಮಪಾಲು ಉಂಟೆಂದೂ, ಅದನ್ನು ಅವರು ಬಿಟ್ಟುಕೊಟ್ಟೆವೆಂದು ಬರೆದರೂ ಆ ಬರೆಹ ಸಲ್ಲದೆಂದೂ ಆಯಿತು. ಹಕ್ಕು ಬಂದಿತು, ಆದರೆ ಹಾಡನ್ನು ಕಟ್ಟುವವರು ವಾರವಾರ ಸೇರಿ ಪರಸ್ಪರ ಕೇಳಿಸಿಕೊಳ್ಳುವ ಜಾಗ ಕನ್ನಡದ ಚಿತ್ರಗೀತೆಗಾಗಲಿ ಸುಗಮಸಂಗೀತಕ್ಕಾಗಲಿ ರೂಢಿಯಾಗಿ ಬೆಳೆಯಲಿಲ್ಲ. ಚಿತ್ರಗೀತೆಯ ಸಾಹಿತಿ ರಾಗವನ್ನು ಮುಂದಿಟ್ಟುಕೊಂಡು, ನಿರ್ದೇಶಕನೂ ಸಂಗೀತ ನಿರ್ದೇಶಕನೂ ಕಾದು ಕುಳಿತಿರುವಾಗ, ಅವಸರದಲ್ಲಿ ಬರೆಯುತ್ತಾನೆ. ಅಲ್ಲಿ ಒಪ್ಪಿಗೆ ಉಂಟು, ವಿಮರ್ಶೆಗೆ ಬಿಡುವಿಲ್ಲ. ಕಾವ್ಯಕ್ಕಾದರೋ ನಮ್ಮಲ್ಲಿ ಈ ಸಂಸ್ಕಾರ ಹೊಸದಲ್ಲ; ಧಾರವಾಡದ ಗೆಳೆಯರ ಗುಂಪಿನಲ್ಲಿ ಬೇಂದ್ರೆಯವರ ಸುತ್ತ ಗೋಕಾಕ, ಮುಗಳಿ ಮೊದಲಾದವರು ಕೂಡಿ ಬರೆದದ್ದನ್ನು ಓದಿ ಚರ್ಚಿಸುತ್ತಿದ್ದ ಕಾಲದಲ್ಲಿಯೇ ಹೊಸಗನ್ನಡದ ಎಷ್ಟೋ ಒಳ್ಳೆಯ ಕವಿತೆಗಳು ಹದಗೊಂಡುವು.

ಇಂದು ಯಾರ ಅಪ್ಪಣೆಯೂ ಇಲ್ಲದೆ ಹಾಡನ್ನು ಲೋಕಕ್ಕೆ ಬಿಡಬಹುದಾಗಿದೆಯಲ್ಲ, ಇನ್ನು ಇಂಥ ಮಧ್ಯಸ್ಥರ ಕೂಟವೇಕೆ ಎಂದು ಕೇಳುವವರಿದ್ದಾರೆ. ನಿಜ, ಅಂತರ್ಜಾಲದ ಸಂಗೀತ ತಾಣಗಳಿಗೆ ಜಗತ್ತಿನಾದ್ಯಂತ ದಿನವೊಂದಕ್ಕೆ ಲಕ್ಷದಷ್ಟು ಹೊಸ ಮುದ್ರಣಗಳು ಸೇರುತ್ತಿವೆಯೆಂದು ಉದ್ಯಮದವರೇ ಹೇಳುತ್ತಾರೆ. ಬಾಗಿಲೇನೋ ತೆರೆಯಿತು, ಆದರೆ ಒಳಗೆ ಮಾತನಾಡುವವರು ಯಾರೂ ಇಲ್ಲ. ಎಷ್ಟು ಜನ ಕೇಳಿದರು, ಎಷ್ಟನೆಯ ಕ್ಷಣದಲ್ಲಿ ಬಿಟ್ಟು ಎದ್ದರು ಎಂಬ ಲೆಕ್ಕ ಇಂದಿನ ಗೀತಕಾರನಿಗೆ ಪ್ರತಿ ಬೆಳಿಗ್ಗೆಯೂ ಸಿಗುತ್ತದೆ. ಏಕೆ ಎದ್ದರು ಎಂಬುದು ಆ ಲೆಕ್ಕದಲ್ಲಿ ಇಲ್ಲ. ಎರಡನೆಯ ಚರಣ ಬೆಳೆಯಲಿಲ್ಲವೆಂದು ಎದ್ದರೋ, ಮನೆಯಲ್ಲಿ ಯಾರೋ ಕೂಗಿದರೆಂದು ಎದ್ದರೋ? ಒಡೆಯದೆ ಹಿಂದಿರುಗಿದ ಲಕೋಟೆ ಎಷ್ಟು ಮೂಕವಾಗಿತ್ತೋ ಈ ಅಂಕಿಗಳೂ ಅಷ್ಟೇ ಮೂಕವಾದುವು. ಮಾರುಕಟ್ಟೆಯ ರುಚಿಗೆ ಬಗ್ಗಿಸುವ ಶಕ್ತಿಯಲ್ಲಿ ಮಾತ್ರ ಅವು ಹಿಂದಿನ ಪ್ರಕಾಶಕನನ್ನು ಮೀರಿಸಿವೆ, ಏಕೆಂದರೆ ಅವನೊಡನೆ ವಾದಿಸಬಹುದಾಗಿತ್ತು.

ಆದುದರಿಂದ ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಇಂಥದೊಂದು ಕಮ್ಮಟ ನಡೆಯಬೇಕೆಂದು ಬಯಸುವವರು ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಅದರ ವೆಚ್ಚವನ್ನು ಹೊರುವವರು ಯಾರು ಎಂಬುದನ್ನು. ಬರೆಯುವವನಿಂದ ಅದನ್ನು ಕೀಳಬಾರದು; ಚಿತ್ರ ನಿರ್ಮಾಪಕರ ಹಣದಿಂದ ನಡೆಸಿದರೆ ಅದು ಅವರ ಆಯ್ಕೆಯ ಪಡಸಾಲೆಯಾಗುತ್ತದೆ. ಹಾಡುಗಳ ಗೌರವಧನವನ್ನು ಸಂಗ್ರಹಿಸುವ ಸಂಸ್ಥೆ ನಮ್ಮಲ್ಲಿಯೂ 1969ರಿಂದ ಇದೆ. ಬರೆದವರೂ ರಾಗ ಕಟ್ಟಿದವರೂ ಅದರ ಸದಸ್ಯರು, ಅವರ ಹಾಡುಗಳು ಬಾಳಿದಷ್ಟೂ ಅದರ ಆದಾಯ. ಅಂಥ ಸಂಸ್ಥೆಯು ತನ್ನ ಬೊಕ್ಕಸದಿಂದ ಒಂದು ಅಂಶವನ್ನು ತೆಗೆದಿರಿಸಿ, ವಾರಕ್ಕೊಂದು ಸಂಜೆ ಒಂದು ಕೋಣೆಯನ್ನು ತೆರೆದು, ಒಂದು ಹಾರ್ಮೋನಿಯಂ ಇಟ್ಟು, ಅನುಭವವುಳ್ಳ ಒಬ್ಬ ರಾಗಸಂಯೋಜಕರನ್ನೂ ಒಬ್ಬ ಕವಿಯನ್ನೂ ಸಂಭಾವನೆ ಕೊಟ್ಟು ಕರೆದು ಕೂರಿಸಿ, ತಿಂಗಳಿಗೊಮ್ಮೆ ಒಪ್ಪಂದದ ಕಾಗದವನ್ನು ಓದಿ ಅರ್ಥ ಹೇಳಬಲ್ಲ ವಕೀಲರನ್ನು ಬರಮಾಡಿಕೊಂಡರೆ ಸಾಕು. ಅಮೆರಿಕದ ಬಿ.ಎಂ.ಐ. ಸಂಸ್ಥೆ ನ್ಯೂಯಾರ್ಕಿನಲ್ಲಿ 1961ರಿಂದ ಮಾಡುತ್ತ ಬಂದಿರುವುದು ಇದಕ್ಕಿಂತ ಹೆಚ್ಚೇನಲ್ಲ.